ನೀರು ಕೇಳುವ ಶಾಖ

ನಮ್ಮೂರಲ್ಲಿ ಒದ್ದೆ ಬಟ್ಟೆ ತಾನಾಗಿ ಒಣಗುವುದಿಲ್ಲ. ಸುಡುಬಿಸಿಲಲ್ಲಿ ಹಗ್ಗಕ್ಕೆ ಹಾಕಿ ಎಂಟು ದಿನ ಬಿಟ್ಟು ಬಂದು ನೋಡಿದರೂ ಸೀರೆ ಹಿಂಡಿ ಹಾಕಿದಾಗ ಹೇಗಿತ್ತೋ ಹಾಗೇ ಭಾರವಾಗಿ ತೂಗುತ್ತಿರುತ್ತದೆ. ಯಾರಾದರೂ ಹೋಗಿ ಅಂಗೈ ಇಡಬೇಕು. ಆಗ ನೀರು ಆ ಮೈಯಿಂದ ತನಗೆ ಬೇಕಾದಷ್ಟು ಶಾಖ ತೆಗೆದುಕೊಂಡು ಹೊಗೆಯ ಹಾಗೆ ಎದ್ದು ಹೋಗುತ್ತದೆ. ಒಲೆಯ ಮೇಲಿಟ್ಟ ನೀರು ಕಾಯುತ್ತದೆ, ಕುದಿಯುತ್ತದೆ, ಆದರೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಗಂಜಿ ಬಸಿದೇ ಅನ್ನ ಮಾಡುವುದು. ಊರು ಇರುವುದು ಬಂಡೆಯ ಮೇಲೆ, ನೀರು ಇಂಗುವುದೂ ಇಲ್ಲ. ಹಾಗಾಗಿ ಮಳೆನೀರು ನಿಂತ ಗುಂಡಿಗಳಿಗೆಲ್ಲ ಹೆಸರಿದೆ. ನಮ್ಮ ಓಣಿಯ ತಿರುವಿನಲ್ಲಿರುವುದು ನನ್ನ ಅಜ್ಜಿ ಮದುವೆಯಾಗಿ ಬಂದ ವರ್ಷದ ಮಳೆ.

ತಮ್ಮ ತಲೆಗೂದಲು, ಮಕ್ಕಳ ಬಟ್ಟೆ, ಇಂಥ ಚಿಲ್ಲರೆಯನ್ನು ಎಲ್ಲರೂ ತಾವೇ ಒಣಗಿಸಿಕೊಳ್ಳುತ್ತಾರೆ. ಕಂಬಳಿ, ಹಾಸಿಗೆ, ಹಪ್ಪಳ, ಹೊಸದಾಗಿ ಗಾರೆ ಬಳಿದ ಗೋಡೆ ಇವಕ್ಕೆಲ್ಲ ನಮ್ಮಂಥ ಒಣಗಿಸುವವರು ಬೇಕು. ಊರಿಗೆ ಎಂಟು ಜನ ಇದ್ದೆವು. ಅದರಲ್ಲಿ ನಾನು ನಿಂಗಾಜಮ್ಮ ಒಬ್ಬಳು, ನನ್ನ ಅಕ್ಕ ದೇವೀರಮ್ಮ ಒಬ್ಬಳು. ಅಕ್ಕ ಹಸಿ ಗೋಡೆಗೆ ಕೆನ್ನೆಯನ್ನೂ ಎರಡು ಅಂಗೈಯನ್ನೂ ಒತ್ತಿ ನಿಂತಳೆಂದರೆ ಅವಳ ಬೆರಳ ಸುತ್ತಲಿಂದ ಬಿಳುಪು ಹಬ್ಬುತ್ತ ಹಬ್ಬುತ್ತ ಮೂಲೆಯವರೆಗೆ ಹೋಗುವುದನ್ನು ನೋಡಲೆಂದೇ ಜನ ಬರುತ್ತಿದ್ದರು.

ನೀರು ಎಷ್ಟು ಕೇಳುತ್ತಿದೆ ಎಂಬುದಕ್ಕೆ ನಮ್ಮ ಅಳತೆ ನಮ್ಮ ತೋಳೇ. ಕೈಯಿಟ್ಟ ಕೂಡಲೇ ತಣುಪು ಅಂಗೈಯಿಂದ ಮೇಲಕ್ಕೆ ಹತ್ತುತ್ತದೆ. ಬೇಸಿಗೆಯಲ್ಲಿ ಮೊಣಕೈಗೆ ಬಂದು ನಿಲ್ಲುತ್ತದೆ, ಚಳಿಗಾಲದಲ್ಲಿ ಕಂಕುಳವರೆಗೂ ಏರುತ್ತದೆ. ದೀಪಕ್ಕೆ ಹಾಕುವ ಸ್ಪಿರಿಟ್ಟಿನಂಥದ್ದು ಪಾಪದ್ದು, ಬೆರಳಿನ ಎರಡನೇ ಗೆಣ್ಣು ದಾಟುವುದಿಲ್ಲ. ಬೇಸಿಗೆಯಲ್ಲಿ ಆರು ಕಂಬಳಿ ಒಣಗಿಸಿ ಹರಟೆ ಹೊಡೆಯುತ್ತ ಮನೆಗೆ ಬರುವವರು ಪುಷ್ಯದಲ್ಲಿ ಎರಡು ಒಣಗಿಸುವಷ್ಟರಲ್ಲಿ ಹಲ್ಲು ಕಡಿಯುತ್ತ ಒಲೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. "ಬೇಸಿಗೇಲಿ ನಮ್ಮ ಮೈಯಲ್ಲಿ ಶಾಖ ಜಾಸ್ತಿ ಇರುತ್ತೆ, ಅದಕ್ಕೆ" ಎಂದು ಅಮ್ಮ ಹೇಳುತ್ತಿದ್ದಳು. ಅವಳಿಗೆ ಅವಳ ಅಮ್ಮ ಹಾಗೇ ಹೇಳಿದ್ದಳು. ಮೈಯ ವಿಚಾರ ಎಲ್ಲರೂ ಯೋಚಿಸಿದರು, ನೀರಿನ ವಿಚಾರ ಯಾರೂ ಯೋಚಿಸಿರಲಿಲ್ಲ.

ನನಗೆ ಮೂವತ್ತು, ಅಕ್ಕನಿಗೆ ಮೂವತ್ತಾರು ಇದ್ದಾಗ ಪುಷ್ಯಮಾಸದಲ್ಲಿ ಅಕಾಲದ ಮಳೆ ಬಂತು. ಮೂರು ದಿನ ಬಿಡದೆ ಹೊಯ್ದು ಕೆರೆಯ ಏರಿ ಒಂದು ಕಡೆ ಕುಸಿಯಿತು. ನೀರು ನೇರವಾಗಿ ಹೋಗಿದ್ದು ಬಿತ್ತನೆ ಬೀಜದ ಉಗ್ರಾಣಕ್ಕೆ. ಇಡೀ ಊರಿನ ಬೀಜ ಅಲ್ಲಿರುತ್ತದೆ, ತೋಟದಪ್ಪನವರು ಅದನ್ನು ನೋಡಿಕೊಳ್ಳುವವರು. ಇಪ್ಪತ್ತೆರಡು ವರ್ಷದಿಂದ ಆ ಮನುಷ್ಯ ಉಗ್ರಾಣದೊಳಗೆ ಚಪ್ಪಲಿ ಮೆಟ್ಟಿ ಕಾಲಿಟ್ಟವರಲ್ಲ. ನಾವು ಓಡಿ ಹೋದಾಗ ಅವರು ಮಂಡಿಯುದ್ದ ನೀರಿನಲ್ಲಿ ನಿಂತು ಒಂದು ಮೂಟೆಯನ್ನು ತಬ್ಬಿಕೊಂಡಿದ್ದರು. ಎತ್ತಲು ಆಗಿರಲಿಲ್ಲ, ಬಿಡಲೂ ಆಗಿರಲಿಲ್ಲ.

ರಾಗಿ, ಜೋಳ, ಅವರೆ ಸೇರಿ ಎಂಬತ್ತು ಮೂಟೆ. ನೆನೆದ ಬೀಜ ಮೂರು ನಾಲ್ಕು ದಿನಕ್ಕೆ ಮೊಳಕೆಯೊಡೆಯುತ್ತದೆ, ಆಮೇಲೆ ಕೊಳೆಯುತ್ತದೆ. ಬೇರೆ ಊರಿನಿಂದ ತಂದ ಬೀಜ ನಮ್ಮ ಬಂಡೆಮಣ್ಣಿನಲ್ಲಿ ಯಾವತ್ತೂ ಹುಟ್ಟಿದ್ದಿಲ್ಲ. ಮುಂದಿನ ವರ್ಷದ ಊಟ ಎಂಬುದು ಆ ಮೂಟೆಗಳಲ್ಲಿ ನೀರು ಕುಡಿಯುತ್ತ ಕೂತಿತ್ತು.

ಎಲ್ಲರಿಗಿಂತ ಮೊದಲು ಅಕ್ಕ ಸೆರಗು ಬಿಗಿದಳು. ಜಗಲಿಯ ಮೇಲೆ ಚಾಪೆ ಹಾಸಿ ರಾಗಿ ಸುರಿಸಿಕೊಂಡು ಎರಡೂ ತೋಳನ್ನು ಮೊಣಕೈವರೆಗೆ ಒಳಗೆ ತೂರಿಸಿ ಕೂತಳು. ಮಳೆ ನಿಂತು ಗಾಳಿ ಕೊರೆಯುತ್ತಿತ್ತು. ನಾವು ಉಳಿದವರು ಒಂದೊಂದು ಮೂಟೆಗೆ ಇಬ್ಬಿಬ್ಬರು ಕೂತು, ನಡುನಡುವೆ ಎದ್ದು ಬೆಂಕಿ ಕಾಯಿಸಿಕೊಂಡು ಬರುತ್ತಿದ್ದೆವು. ಅಕ್ಕ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬಳೇ ಎರಡು ಮೂಟೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದಳು. ಆಗ ನಾನು ಅವಳ ಮುಖ ನೋಡಿದೆ. ಅಷ್ಟು ಹೊತ್ತು ಗಡಗಡ ನಡುಗುತ್ತಿದ್ದವಳು ನಡುಗುವುದನ್ನು ನಿಲ್ಲಿಸಿಬಿಟ್ಟಿದ್ದಳು.

"ಅಕ್ಕಾ, ಕೈ ತೆಗಿ" ಎಂದು ಕೂಗಿದೆ. ಅವಳಿಗೆ ಕೇಳಿಸಲಿಲ್ಲ. ಇಬ್ಬರು ಸೇರಿ ಅವಳನ್ನು ಹಿಂದಕ್ಕೆ ಎಳೆದೆವು. ತುಟಿ ನೀಲಿಯಾಗಿತ್ತು. ಬಲಗೈ ಮೇಣದಬತ್ತಿಯ ಹಾಗೆ ಬೆಳ್ಳಗಾಗಿತ್ತು. "ಇನ್ನೂ ಕೇಳ್ತಾ ಇದೆ ಕಣೇ ನಿಂಗಿ" ಅಂದಳು, ನಾಲಿಗೆ ತೊದಲುತ್ತಿತ್ತು. "ಎಷ್ಟು ಕೊಟ್ರೂ ಕೇಳುತ್ತೆ. ಇದಕ್ಕೆ ಕೊನೇನೇ ಇಲ್ಲ."

ಸಂಜೆಗೆ ಎಡಗೈಗೆ ಜೀವ ಬಂತು. ಬಲಗೈಗೆ ಬರಲಿಲ್ಲ. ವೈದ್ಯರು ಬೆರಳಿಗೆ ಸೂಜಿ ಚುಚ್ಚಿ ನೋಡುತ್ತಿದ್ದರೆ ಅಕ್ಕ ಬಾಗಿಲ ಕಡೆ ನೋಡುತ್ತ ಕೂತಿದ್ದಳು, ಬೇರೆ ಯಾರದೋ ಕೈ ಎನ್ನುವ ಹಾಗೆ.

ಮರುದಿನ ಬೆಳಿಗ್ಗೆ ಒಣಗಿಸುವವರು ಯಾರೂ ಉಗ್ರಾಣದ ಮೆಟ್ಟಿಲು ಹತ್ತಲಿಲ್ಲ. ಅವರನ್ನು ತಪ್ಪು ಅನ್ನುವಂತಿರಲಿಲ್ಲ. ನಾನೂ ಹತ್ತಲಿಲ್ಲ. ಅಕ್ಕನಿಗೆ ಮೆಣಸಿನ ಸಾರು ಕುಡಿಸುತ್ತ ಕೂತಿದ್ದಾಗ ಗಾಜಿನ ಕುಲುಮೆಯ ದಸ್ತಗೀರ್ ಸಾಬರು ಬಂದು ಬಾಗಿಲಲ್ಲಿ ನಿಂತರು. ಬಳೆ, ಸೀಸೆ, ಲಾಂದ್ರದ ಬುರುಡೆ ಮಾಡುವ ಮನುಷ್ಯ. ಬಿಸಿ ಗಾಜು ಹಿಡಿಯಲು ಒದ್ದೆ ಗೋಣಿತಟ್ಟು ಬೇಕಾಗುತ್ತದಲ್ಲ, ಕೆಲಸ ಮುಗಿದ ಮೇಲೆ ಅದು ಕೊಳೆಯದಂತೆ ಒಣಗಿಸಲು ನಾನು ವಾರಕ್ಕೊಮ್ಮೆ ಅವರಲ್ಲಿಗೆ ಹೋಗುತ್ತಿದ್ದೆ.

ಅಕ್ಕನ ಕೈ ನೋಡಿ ನನ್ನ ಕಡೆ ತಿರುಗಿದರು. "ನಿಂಗಾಜವ್ವ, ಒಂದು ಕೇಳ್ತೀನಿ. ಎಂಥ ಚಳೀಲಿ ಬಂದ್ರೂ ನಮ್ಮ ಕುಲುಮೇಲಿ ನೀನು ಒಂದು ದಿನಾನೂ ಕಂಬಳಿ ಕೇಳಿಲ್ಲ. ಯಾಕೆ?"

"ಕುಲುಮೆ ಹತ್ರ ಬೆಚ್ಚಗಿರುತ್ತಲ್ಲ ಸಾಬರೇ."

"ನಾನೂ ಹಾಗೇ ಅಂದ್ಕೊಂಡಿದ್ದೆ. ರಾತ್ರಿಯೆಲ್ಲ ಯೋಚನೆ ಮಾಡ್ದೆ. ನೀನು ಕುಲುಮೆ ಹತ್ರ ಕೂರೋದೇ ಇಲ್ಲ ತಾಯಿ. ಹೊಗೆ ಆಗಲ್ಲ ಅಂತ ತಟ್ಟು ಎತ್ಕೊಂಡು ಬೇವಿನ ನೆರಳಿಗೆ ಹೋಗ್ತೀಯ. ಅಲ್ಲಿ ಗಾಳಿ ಹೊಡೀತಾ ಇರುತ್ತೆ. ಬೆಚ್ಚಗಿರೋದು ನೀನಲ್ಲ, ತಟ್ಟು."

ನಾನು ಅವರ ಹಿಂದೆಯೇ ಹೋದೆ. ಒಂದೇ ಅಳತೆಯ ಎರಡು ತಟ್ಟನ್ನು ಒಂದೇ ಚೊಂಬಿನ ನೀರಲ್ಲಿ ನೆನೆಸಿದರು. ಒಂದನ್ನು ಕುಲುಮೆಯ ಬಾಯಿಯ ಹತ್ತಿರ ಹಿಡಿದು ಕುದಿಯುವಷ್ಟಲ್ಲದಿದ್ದರೂ ಕೈಗೆ ಚುರುಕ್ ಎನ್ನುವಷ್ಟು ಕಾಯಿಸಿದರು. ಎರಡನ್ನೂ ಬೇವಿನ ಕೆಳಗೆ ಕಲ್ಲಿನ ಮೇಲಿಟ್ಟರು. ಮೊದಲು ತಣ್ಣನೆಯದಕ್ಕೆ ಅಂಗೈ ಇಟ್ಟೆ. ತಣುಪು ಸರಸರ ಏರಿ ಕಂಕುಳಿಗೆ ಹೋಯಿತು. ಕೈ ಉಜ್ಜಿಕೊಂಡು, ಶಾಖ ತಿರುಗಿ ಬರುವವರೆಗೆ ಕಾದು, ಬಿಸಿಯದಕ್ಕೆ ಇಟ್ಟೆ. ಮಣಿಕಟ್ಟಿಗೆ ಬಂತು. ಅಲ್ಲೇ ನಿಂತಿತು. ತಟ್ಟು ಗರಿಗರಿಯಾಯಿತು.

ಇನ್ನೊಮ್ಮೆ ಮಾಡಿದೆವು. ಮತ್ತೊಮ್ಮೆ ಮಾಡಿದೆವು. ಅದೇ ನೀರು, ಅದೇ ಚೊಂಬು, ಕೊಡುವವಳೂ ನಾನೇ. ಬೆಚ್ಚಗಿದ್ದ ನೀರು ಕಡಿಮೆ ಕೇಳುತ್ತಿತ್ತು, ಅಷ್ಟೆ. ಬೇಸಿಗೆ ನಮ್ಮ ಮೈಯಲ್ಲಿರಲಿಲ್ಲ, ನೀರಿನಲ್ಲಿತ್ತು. ನನ್ನ ಅಮ್ಮ, ಅವಳ ಅಮ್ಮ, ಎಷ್ಟು ತಲೆಮಾರಿನ ಹೆಂಗಸರು ತಣ್ಣೀರಿಗೆ ಕೈಯಿಟ್ಟು ನಡುಗಿದರೋ ಎಂದು ನೆನೆದು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಉಗ್ರಾಣಕ್ಕೆ ಓಡಿ ಹೋಗಿ ಹೇಳಿದರೆ ತೋಟದಪ್ಪನವರು ಸಿಡಿದೆದ್ದರು. "ಬೀಜಾನ ಕಾಯಿಸ್ತೀರಾ? ಹುರಿದ ಬೀಜ ಎಲ್ಲಾದ್ರೂ ಹುಟ್ಟುತ್ತಾ? ನೀರು ಕೊಲ್ಲೋಕೆ ಮುಂಚೆ ನೀವೇ ಕೊಂದುಬಿಡಿ."

"ಹುರಿಯಲ್ಲ ತೋಟದಪ್ನೋರೇ. ಎಳೆ ಮಗುವಿಗೆ ಎರೆಯೋ ನೀರು ಹದ ಮಾಡ್ತೀವಲ್ಲ, ಅಷ್ಟೇ ಬಿಸಿ."

"ಯಾರ ಹದ? ನಿನ್ನ ಕೈ ಒಣಗಿಸಿ ಒಣಗಿಸಿ ದಡ್ಡುಗಟ್ಟಿದೆ, ಸಾಬರ ಕೈ ಕುಲುಮೆಯಲ್ಲಿ ಬೆಂದಿದೆ. ಬಿಸಿ ಹೆಚ್ಚಾಯ್ತು ಅಂತ ಹೇಳೋರು ಯಾರು?"

"ನಾನು ಹೇಳ್ತೀನಿ" ಎಂದು ಹಿಂದಿನಿಂದ ದನಿ ಬಂತು. ಅಕ್ಕ ಎರಡು ಕಂಬಳಿ ಹೊದ್ದು ಗೋಡೆ ಹಿಡಿದುಕೊಂಡು ಬಂದಿದ್ದಳು. "ಕೈಲಿ ಆಗಲ್ಲ. ಕೆನ್ನೇಲಿ ನೋಡಿ ಹೇಳ್ತೀನಿ."

ತೋಟದಪ್ಪನವರು ಅವಳ ಸೆರಗಿನೊಳಗಿದ್ದ ಕೈಯ ಕಡೆ ನೋಡಿದರು. ಹೋಗಿ ಒಂದು ಮೂಟೆಗೆ ತಾವೇ ಹೆಗಲು ಕೊಟ್ಟರು.

ಬಿಸಿ ಬಳೆಯನ್ನು ನಿಧಾನವಾಗಿ ತಣಿಸಲು ಸಾಬರ ಕುಲುಮೆಯ ಪಕ್ಕ ಉದ್ದನೆಯ ಗೂಡೊಂದಿದೆ, ಹದವಾದ ಶಾಖ ಹಿಡಿದಿಟ್ಟುಕೊಳ್ಳುವಂಥದ್ದು. ಅದರಲ್ಲಿ ಅಗಲದ ತಟ್ಟೆಗಳಲ್ಲಿ ಬೀಜ ಬೆಚ್ಚಗೆ ಮಾಡಿ ಹೊರಗೆ ಚಾಪೆಗೆ ಸುರಿಯುವುದೆಂದಾಯಿತು. ಪ್ರತಿ ತಟ್ಟೆ ಹೊರಬಂದಾಗಲೂ ಅಕ್ಕ ಬಗ್ಗಿ ಬೀಜಕ್ಕೆ ಕೆನ್ನೆಯೊತ್ತಿ ಕಣ್ಣು ಮುಚ್ಚುತ್ತಿದ್ದಳು. "ಇನ್ನೊಂದು ಚೂರು" ಅನ್ನುವಳು, ಇಲ್ಲವೇ "ಸಾಕು, ಸುರೀರಿ" ಅನ್ನುವಳು. ರಾಗಿ ಕಾಳು ಅವಳ ಕೆನ್ನೆಗೆ ಅಂಟಿಕೊಂಡಿರುತ್ತಿತ್ತು.

ಆದರೆ ಬೀಜಕ್ಕೆ ತಟ್ಟಿನಷ್ಟು ಬಿಸಿ ಕೊಡುವಂತಿರಲಿಲ್ಲ. ಆ ಹದದಲ್ಲಿ ತಣುಪು ಕಂಕುಳಿಗೆ ಹೋಗುವ ಬದಲು ಮೊಣಕೈಯ ಸ್ವಲ್ಪ ಮೇಲೆ ನಿಲ್ಲುತ್ತಿತ್ತು, ಅಷ್ಟೇ ಲಾಭ. ಎಪ್ಪತ್ತಕ್ಕೂ ಹೆಚ್ಚು ಮೂಟೆಗೆ ಏಳು ಜನ ಯಾವ ಮೂಲೆಗೆ? ನಾನು ಓಣಿಯ ಮೊದಲ ಮನೆಯಿಂದ ಶುರುಮಾಡಿ ಬಾಗಿಲು ತಟ್ಟುತ್ತ ಹೋದೆ. "ಒಂದು ಕೈ ಕೊಡಿ, ಮೊಣಕೈಗೆ ಬಂದ ಕೂಡಲೇ ತೆಗೆದುಬಿಡಿ, ಸಾಕು" ಎಂದೆ. ಹಿಂದಿನ ದಿನ ಅಕ್ಕನನ್ನು ಹೊತ್ತುಕೊಂಡು ಹೋಗಿದ್ದನ್ನು ಎಲ್ಲರೂ ನೋಡಿದ್ದರು. ಬರುತ್ತಾರೆಂಬ ನಂಬಿಕೆ ನನಗೇ ಇರಲಿಲ್ಲ.

ಬಂದರು. ಕ್ಷೌರದವರು ಅಂಗಡಿ ಮುಚ್ಚಿ ಬಂದರು, ಶಾಲೆ ಬಿಟ್ಟು ಮೇಷ್ಟರು ಬಂದರು. ಅರಿಸಿನ ಹಚ್ಚಿದ್ದ ಮದುವಣಗಿತ್ತಿಯೊಬ್ಬಳು ಅತ್ತೆಯಾಗುವವಳ ಜೊತೆಗೇ ಬಂದಳು. ನಡೆಯಲಾರದ ಮುದುಕರನ್ನು ಮಣೆಯ ಮೇಲೆ ಕೂರಿಸಿ ತಂದರು. ಕುಲುಮೆಯ ಅಂಗಳದಿಂದ ಉಗ್ರಾಣದ ಜಗಲಿಯವರೆಗೆ ಚಾಪೆಗಳ ಎರಡೂ ಬದಿಗೆ ಮುನ್ನೂರು ಜನವಾದರೂ ಮಂಡಿಯೂರಿ ಕೂತರು. ಬೆಚ್ಚನೆಯ ಬೀಜ ಸುರಿದೆವು. ಕೈಗಳು ಒಳಗೆ ಹೋದವು.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಬೆರಳ ಸಂದಿಗಳಿಂದ ನೂಲಿನಂಥ ಹಬೆ ಎದ್ದಿತು. ಚಳಿಯ ಗಾಳಿಗೆ ಅದು ಬೆಳ್ಳಗಾಯಿತು. ಒಬ್ಬೊಬ್ಬರದು ಪಕ್ಕದವರದಕ್ಕೆ ಸೇರಿಕೊಂಡು ದಪ್ಪವಾಗಿ, ತಲೆಯ ಮೇಲೆ ಹೋಗಿ, ಬೇವಿನ ಮರವನ್ನು ಮುಚ್ಚಿ ಮೇಲೇರಿತು. ಒಬ್ಬರ ಕಂಬಳಿಯಿಂದ ಎದ್ದ ಒಂದು ಎಳೆ ಹಬೆ ನೋಡಿದ್ದೆವೇ ಹೊರತು ಇಡೀ ಊರು ಸೇರಿ ಬಿಟ್ಟ ಉಸಿರಿನಂಥ ಇದನ್ನು ಯಾರೂ ಕಂಡಿರಲಿಲ್ಲ. ಬಿಸಿಲು ಬಂದಾಗ ಅದು ಮೋಡದ ಹಾಗೆ ಉಗ್ರಾಣದ ಮೇಲೆ ನಿಂತಿತ್ತು. ನಮ್ಮ ಅಂಗೈಯಿಂದ ಹೊರಟದ್ದರ ನೆರಳು ನಮ್ಮ ಬೆನ್ನಿನ ಮೇಲೇ ಬಿದ್ದಿತ್ತು. ತಲೆಯೆತ್ತಿ ನೋಡುತ್ತಿದ್ದ ತೋಟದಪ್ಪನವರ ಬಾಯಿ ಮುಚ್ಚಿರಲಿಲ್ಲ.

ಎರಡು ಹಗಲು ಹಿಡಿಯಿತು. ಎಲ್ಲವೂ ಸುಸೂತ್ರವಾಗಿ ಆಯಿತೆಂದು ಹೇಳಲಾರೆ. ಎರಡನೆಯ ದಿನ ಅಕ್ಕ ಗಂಜಿ ಕುಡಿಯಲು ಎದ್ದು ಹೋಗಿದ್ದಾಗ, ಅವಳು ಬರುವವರೆಗೆ ಯಾಕೆ ಕಾಯುವುದೆಂದು ನಾನೇ ನಾಲ್ಕು ತಟ್ಟೆ ಅವರೆಯನ್ನು ಕಣ್ಣಂದಾಜಿನಲ್ಲಿ ತೆಗೆದು ಸುರಿಸಿಬಿಟ್ಟೆ. ಬೇಗ ಒಣಗಿತು, ಸಂತೋಷಪಟ್ಟೆ. ರಾತ್ರಿ ಅದರ ಹುರಿದ ಘಮ ನೆನಪಾಗಿ ಎದ್ದು ಕೂತೆ. ಬೆಳಿಗ್ಗೆ ಹೋಗಿ ತೋಟದಪ್ಪನವರಿಗೆ ಹೇಳಿದರೆ ಅವರು ಆ ಅವರೆಯನ್ನು ಆಗಲೇ ಬೇರೆ ಚೀಲಕ್ಕೆ ತುಂಬಿಸಿದ್ದರು. "ಮೂಗಿಗೆ ಗೊತ್ತಾಯ್ತು. ಸಾರಿಗಾಗುತ್ತೆ ಬಿಡು" ಅಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಿಕ್ಕದ್ದೆಲ್ಲ ಮುಂಗಾರಿನಲ್ಲಿ ಹುಟ್ಟಿತು. ರಾಗಿಯ ಹೊಲ ಹಸಿರಾದ ದಿನ ತೋಟದಪ್ಪನವರು ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಒಂದು ಗಂಟೆ ಕೂತು, ಬೇರೇನೋ ಮಾತಾಡಿ ಎದ್ದು ಹೋದರು.

ಅಕ್ಕ ಮಾತ್ರ ಮತ್ತೆ ಒದ್ದೆಯ ಹತ್ತಿರ ಹೋಗಲಿಲ್ಲ. ತನ್ನ ತಲೆಗೂದಲನ್ನೂ ನನ್ನಿಂದಲೇ ಒಣಗಿಸಿಕೊಳ್ಳುತ್ತಿದ್ದಳು. ಈಗ ಊರೆಲ್ಲ ಬಟ್ಟೆಯನ್ನು ಬಿಸಿನೀರಿಗೆ ಅದ್ದಿಯೇ ಒಣಗಿಸುತ್ತಾರೆ, ಚಳಿಗಾಲಕ್ಕೂ ಹೆದರಬೇಕಾಗಿಲ್ಲ ಎಂದು ನಾನು ಹೇಳಿದರೆ, "ಕಡಿಮೆ ಕೇಳಬಹುದು ನಿಂಗಿ, ಕೇಳೋದು ಬಿಡಲ್ಲ" ಅನ್ನುವಳು. ಆ ಮಾತು ನನ್ನ ತಲೆಯಲ್ಲಿ ಕೊರೆಯತೊಡಗಿತು. ತಣ್ಣೀರು ಕಂಕುಳವರೆಗೆ, ಬೆಚ್ಚನೆಯದು ಮೊಣಕೈವರೆಗೆ, ಬಿಸಿಯದು ಮಣಿಕಟ್ಟಿನವರೆಗೆ. ಇನ್ನೂ ಬಿಸಿಯಾದರೆ? ಇಳಿಯುತ್ತ ಇಳಿಯುತ್ತ ಎಲ್ಲಿಗೆ ಹೋಗುತ್ತದೆ?

ಸಾಬರನ್ನು ಕೇಳಿದೆ. ಅವರು ಊದುಗೊಳವೆ ಕೆಳಗಿಟ್ಟು ನಕ್ಕರು. "ನನ್ನ ತಲೇಲೂ ಅದೇ ಹುಳ. ಆರು ತಿಂಗಳಾಯ್ತು."

ತೆರೆದ ಪಾತ್ರೆಯಲ್ಲಿ ನೀರು ಕುದಿಯ ಮೇಲೆ ಬಿಸಿಯಾಗುವುದಿಲ್ಲ. ಅದಕ್ಕೇ ಅವರು ಬೆರಳುದ್ದದ ದಪ್ಪ ಗಾಜಿನ ಕೊಳವೆ ಮಾಡಿ, ಒಳಗೆ ನೀರು ಹಾಕಿ, ಬಾಯನ್ನು ಕರಗಿಸಿ ಮುಚ್ಚಿ ಕಾಯಿಸಿ ನೋಡಿದ್ದರು. ಮೂರು ಕೊಳವೆ ಸಿಡಿದುಹೋಗಿದ್ದವು. ಮೂರನೆಯದರ ಚೂರು ಬಾಗಿಲ ಹಲಗೆಯಲ್ಲಿ ನೆಟ್ಟಿದ್ದನ್ನು ತೋರಿಸಿದರು. "ನೀರಿಗೆ ವಿಪರೀತ ಬಿಸಿ ಬೇಕು, ನನ್ನ ಗಾಜು ಅಷ್ಟು ತಡೆಯಲ್ಲ. ಸ್ಪಿರಿಟ್ ಆದ್ರೆ ಮೊದಲೇ ಕಡಿಮೆ ಕೇಳೋ ಜಾತಿ. ಅದರಲ್ಲಿ ನೋಡೋಣ. ದೇವೀರವ್ವನ್ನೂ ಕರ್ಕೊಂಡು ಬಾ."

ಅಕ್ಕ ಬರುವುದಿಲ್ಲವೆಂದಳು. ನಾನು ಕೈ ಹಿಡಿದು ಎಳೆದುಕೊಂಡೇ ಹೋದೆ. ಆಷಾಢದ ಮಧ್ಯಾಹ್ನ, ಹೊರಗೆ ಗಾಳಿ ಬೀಸುತ್ತಿತ್ತು. ಸಾಬರು ಕೊಳವೆಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸ್ಪಿರಿಟ್ ತುಂಬಿ ಮುಚ್ಚಿ, ಸಣ್ಣ ಒಲೆಯೊಂದರ ಮೇಲಿನ ಗೂಡಿನಲ್ಲಿ ನೇತುಹಾಕಿದ್ದರು. ಮುಂದೆ ದಪ್ಪ ಕಬ್ಬಿಣದ ತಗಡು, ಅದರಲ್ಲಿ ನೋಡಲೊಂದು ಕಿಂಡಿ. ಕೊಳವೆಗೆ ತಾಮ್ರದ ಸರಳೊಂದನ್ನು ಸುತ್ತಿ ಅದರ ತುದಿಯನ್ನು ತಗಡಿನಿಂದಾಚೆ ನನ್ನ ಕೈಗೆ ಬರುವಂತೆ ಮಾಡಿದ್ದರು. ಕೈ ತೂರದ ಕಿರಿಬಾಯಿಯ ಹೂಜಿಗಳನ್ನು ನಾವು ಒಣಗಿಸುವುದು ಇಂಥ ಸರಳಿನಿಂದಲೇ. ಬೆಂಕಿ ಸುಡದಂತೆ ಸರಳಿಗೆ ಬಟ್ಟೆ ಸುತ್ತಿದ್ದರೂ ನೀರು ಕೇಳುವುದು ಮಾತ್ರ ಅದರೊಳಗಿಂದ ಚೆನ್ನಾಗಿ ತಿಳಿಯುತ್ತದೆ.

ಹಿಡಿದೆ. ಎರಡನೇ ಗೆಣ್ಣಿಗೆ ತಣುಪು ಬಂತು, ಸ್ಪಿರಿಟ್ಟಿನ ಮಾಮೂಲು. ಸಾಬರು ಬೆಂಕಿಯನ್ನು ಒಂದೊಂದೇ ಚಕ್ಕೆ ಹಾಕಿ ಏರಿಸಿದರು. ಕೊಳವೆಯೊಳಗೆ ಸ್ಪಿರಿಟ್ ಉಬ್ಬುತ್ತ ಮೇಲಕ್ಕೆ ಬಂತು. ಅದರ ಮೇಲ್ಮೈಯ ಗೆರೆ ಗಾಜಿನಂಚಿಗೆ ಹತ್ತಿಕೊಂಡು ಬಾಗಿದ್ದುದು ಮೆಲ್ಲಗೆ ಚಪ್ಪಟೆಯಾಯಿತು. ತಣುಪು ಮೊದಲ ಗೆಣ್ಣಿಗೆ ಇಳಿಯಿತು. ಆಮೇಲೆ ಉಗುರಿನ ಬುಡಕ್ಕೆ. ಆಮೇಲೆ ಉಗುರಿನ ತುದಿಯಲ್ಲಿ ಸೊಳ್ಳೆ ಕೂತಷ್ಟು.

"ಗೆರೆ ನೋಡು" ಎಂದು ಸಾಬರು ಪಿಸುಗುಟ್ಟಿದರು.

ಗೆರೆ ನಡುಗಿತು. ತೆಳ್ಳಗಾಯಿತು. ದೂರದ ದಾರಿ ಬಿಸಿಲಿನಲ್ಲಿ ಅಲುಗಾಡುತ್ತದಲ್ಲ, ಹಾಗೆ ಅಲುಗಾಡಿತು. ನಾನು ರೆಪ್ಪೆ ಮುಚ್ಚಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೂ ಅದು ಹೋದ ಗಳಿಗೆ ಯಾವುದೆಂದು ಹೇಳಲಾರೆ. ಕೆಳಗೆ ಸ್ಪಿರಿಟ್, ಮೇಲೆ ಅದರ ಹಬೆ ಎಂದು ಎರಡಿದ್ದದ್ದು ಕೊಳವೆಯ ತುಂಬ ಒಂದೇ ಆಗಿಬಿಟ್ಟಿತ್ತು. ಅದನ್ನು ದ್ರವ ಎನ್ನಲೋ, ಹಬೆ ಎನ್ನಲೋ? ನನ್ನ ಕೈಯಲ್ಲಿ ಸರಳು ಸುಮ್ಮನಿತ್ತು. ಹುಟ್ಟಿದಾಗಿನಿಂದ ಒದ್ದೆಯಾದ ಏನನ್ನು ಮುಟ್ಟಿದರೂ ಕೇಳಿಸಿಕೊಂಡಿದ್ದ ಆ ಬೇಡಿಕೆ ಇರಲಿಲ್ಲ. ಕಿವಿಯಲ್ಲಿ ಬಹಳ ಕಾಲದಿಂದ ಇದ್ದ ಸದ್ದು ನಿಂತಾಗ ಆಗುವ ಹಾಗೆ ಆಯಿತು ನನಗೆ.

"ಅಕ್ಕಾ, ಹಿಡಿ" ಎಂದು ಸರಳನ್ನು ಕೊಟ್ಟೆ. ಅವಳು ಹಿಂಜರಿದಳು, ಆಮೇಲೆ ಎಡಗೈಯಲ್ಲಿ ಹಿಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಕೇಳ್ತಿಲ್ಲ" ಅಂದಳು. ಸರಳನ್ನು ಇನ್ನೂ ಬಿಗಿಯಾಗಿ ಹಿಡಿದು ಮತ್ತೆ ಅಂದಳು, "ಏನೂ ಕೇಳ್ತಿಲ್ಲ ಕಣೇ."

ಕಿಂಡಿಯ ಹತ್ತಿರ ಮುಖವಿಟ್ಟು ನೋಡುತ್ತ ಅವಳು ಸರಳನ್ನು ಬಲಗೈಗೆ ಬದಲಾಯಿಸಿಕೊಂಡಳು. ಆ ಕೈಯನ್ನು ಅವಳು ಸೆರಗಿನಿಂದ ಹೊರಗೆ ತೆಗೆದದ್ದನ್ನು ನಾನು ಆರು ತಿಂಗಳಲ್ಲಿ ನೋಡಿರಲಿಲ್ಲ. ಬೆರಳು ಮಡಚಲು ಬರದೆ ಎಡಗೈಯಿಂದ ಒಂದೊಂದನ್ನೇ ಸರಳಿನ ಸುತ್ತ ಕೂರಿಸಿ ಮೇಲಿಂದ ಅದುಮಿ ಹಿಡಿದಳು. ಸಾಬರು ಒಲೆಯಿಂದ ಬೆಂಕಿಯನ್ನು ಹೊರಗೆಳೆದರು.

ಕೊಳವೆ ತಣಿಯತೊಡಗಿತು. ತಿಳಿಯಾಗಿದ್ದದ್ದು ಇದ್ದಕ್ಕಿದ್ದಂತೆ ಹಾಲಿನ ಹಾಗೆ ಬೆಳ್ಳಗಾಯಿತು. ಒಳಗೆ ಮೋಡ ಕಡೆದ ಹಾಗೆ, ಬೆಳಕು ತಾಕಿದ ಕಡೆ ಕೆಂಪಗೆ ಸುಳಿಯಾಡಿತು. "ಯಾ ಅಲ್ಲಾ" ಎಂದರು ಸಾಬರು. ಅಷ್ಟು ವರ್ಷ ಬೆಂಕಿ ಗಾಜು ನೋಡಿದ ಮನುಷ್ಯ ಎದ್ದು ನಿಂತುಬಿಟ್ಟಿದ್ದರು. ಆ ಬಿಳುಪಿನ ನಡುವೆ, ಎಲ್ಲಿಂದಲೋ, ಗೆರೆ ಮತ್ತೆ ಮೂಡಿತು. ಹಬೆ ಸಣ್ಣ ಮಳೆಯಾಗಿ ಇಳಿದು ಸ್ಪಿರಿಟ್ಟಿಗೆ ಸೇರತೊಡಗಿತು.

"ನಿಂಗೀ!" ಅಕ್ಕ ಕೂಗಿದಳು.

"ಏನಾಯ್ತು? ಬಿಡು, ಬಿಡು ಸರಳು."

"ಬಿಡಲ್ಲ. ಕೊಡ್ತಾ ಇದೆ ಕಣೇ. ತಗೊಂಡಿದ್ದನ್ನ ವಾಪಸ್ಸು ಕೊಡ್ತಾ ಇದೆ."

ನಾನು ಅವಳ ಮೊಣಕೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಎದ್ದು ಹೋದ ನೀರನ್ನು ಹಿಡಿದಿಟ್ಟು ಮರಳಿ ಬರುವುದನ್ನು ಕಾದು ನೋಡಿದವರು ನಮ್ಮೂರಲ್ಲಿ ಯಾರಿದ್ದರು? ಮರಳಿ ಬರುವಾಗ ಬರಿಗೈಲಿ ಬರುವುದಿಲ್ಲವೆಂದು ನಮಗೆ ಹೇಗೆ ಗೊತ್ತಾಗಬೇಕು?

"ಬೆರಳಿಗೆ ತಿಳೀತಾ ಅಕ್ಕ?" ಎಂದು ಕೇಳಿದೆ. ಕೇಳಬಾರದಿತ್ತೇನೋ ಎಂದು ಕೂಡಲೇ ಅನ್ನಿಸಿತು.

ಅಕ್ಕ ಸುಳ್ಳು ಹೇಳುವವಳಲ್ಲ. ಸ್ವಲ್ಪ ಹೊತ್ತು ಗಮನ ಕೊಟ್ಟು ನೋಡಿದಳು. "ಬೆರಳಿಗೆ ಇಲ್ಲ" ಅಂದಳು. "ಅಂಗೈಗೂ ಇಲ್ಲ. ಮಣಿಕಟ್ಟು ದಾಟಿದ ಮೇಲೆ ತಿಳೀತು. ಅಲ್ಲಿಂದ ಮೇಲೆ ಪೂರ್ತಿ ತಿಳೀತು."

ಗೆರೆ ಗಟ್ಟಿಯಾಗಿ, ಕೊಳವೆ ತಣ್ಣಗಾಗಿ, ಕೊಡುವುದಕ್ಕೆ ಇನ್ನೇನೂ ಇಲ್ಲ ಎನ್ನುವವರೆಗೂ ಅವಳು ಸರಳನ್ನು ಬಿಡಲಿಲ್ಲ. ಹಣೆಯ ಮೇಲೆ ಬೆವರು ಮೂಡಿತ್ತು. ಅದನ್ನು ಎಡಗೈಯಿಂದ ತಾನೇ ಒಣಗಿಸಿಕೊಂಡಳು, ಒಣಗಿಸಿಕೊಂಡದ್ದು ಅವಳಿಗೆ ಗೊತ್ತಾದ ಹಾಗಿರಲಿಲ್ಲ. ಆಮೇಲೆ ಕಿಂಡಿಯಿಂದ ಕಣ್ಣು ತೆಗೆಯದೆಯೇ ಅಂದಳು:

"ಸಾಬರೇ, ಇನ್ನೊಂದು ಸಲ ಮಾಡಿ."

ಸಾಬರು ಬಗ್ಗಿ ಒಲೆಗೆ ಚಕ್ಕೆ ಹಾಕಿದರು. ಅಕ್ಕ ಸ್ವಲ್ಪ ಸರಿದು ನನಗೂ ಕಿಂಡಿಯಲ್ಲಿ ಜಾಗ ಮಾಡಿಕೊಟ್ಟಳು.